ಥಾಲೇನ್ ಕೊಲ್ಲಿಯಲ್ಲಿ ಕಟ್ಟಿದ ಬದು

ಹೊರಡುವ ಮುನ್ನ

ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ನನಗೆ ಕೆಲಸ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಅಂಗಡಿಗಳನ್ನು ಬೈಕಿನಲ್ಲಿ ಸುತ್ತುವುದು ನನ್ನ ಪಾಲು. ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿ ಆಗಾಗ ವಿದೇಶ ತೋರಿಸಿಕೊಂಡು ಬರುತ್ತದೆ. ಅವರ ಜೊತೆಗೊಬ್ಬ ಕಾವಲಿನವನು ಬೇಕಲ್ಲ. ಯಾರ ಪಾಸ್‌ಪೋರ್ಟ್ ಎಲ್ಲಿದೆ, ಯಾರಿಗೆ ಮೊಸರು ಬೇಕು, ಯಾರು ಇನ್ನೂ ವ್ಯಾನ್ ಹತ್ತಿಲ್ಲ ಎಂದು ನೋಡಿಕೊಳ್ಳುವವನು. ಈ ಸಲ ಆ ಕೆಲಸ ನನ್ನ ತಲೆಗೆ ಬಂತು. ಹಾಗಾಗಿ ನಾನು ನೋಡಿದ ಥಾಯ್ಲೆಂಡ್ ಡ್ಯೂಟಿಯ ಮೇಲೆ ಇದ್ದವನು ನೋಡಿದ ಥಾಯ್ಲೆಂಡ್.

ನನ್ನ ವಶಕ್ಕೆ ಬಂದವರು ಮೂವರು. ಬಸವಾಪಟ್ಟಣದ ಗುರುಶಾಂತಪ್ಪನವರು ಹಿರಿಯರು, ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು. ಕೊರಳಲ್ಲಿ ಶಿವದಾರ, ಅದಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಇಷ್ಟಲಿಂಗ. ದೀಕ್ಷೆಯಾದ ದಿನದಿಂದ ಅದನ್ನು ಮೈಯಿಂದ ಬೇರೆ ಮಾಡಿದವರಲ್ಲ. ಹೊನ್ನಾಳಿಯ ಹಾಲೇಶಿ ನನಗಿಂತ ಸ್ವಲ್ಪ ದೊಡ್ಡವನು, ತುಂಗಭದ್ರೆಯಲ್ಲಿ ಮಾವನ ಜೊತೆ ತೆಪ್ಪ ನಡೆಸಿದವನು, ಆ ವಿಷಯವನ್ನು ದಿನಕ್ಕೆ ಹತ್ತು ಸಲ ಹೇಳುವವನು. ನ್ಯಾಮತಿಯ ಮಂಜಣ್ಣನಿಗೆ ನೀರೆಂದರೆ ಅಷ್ಟಕ್ಕಷ್ಟೆ. ಅವನು ಬಂದದ್ದು ವಿಡಿಯೋ ಮಾಡಲು.

ಇನ್ನು ನಾನು. ಹೆಸರು ಆನಂದ. ಜಗಳೂರು ತಾಲ್ಲೂಕು ಬಿಳಿಚೋಡಿನ ಕೇರಿಯವನು. ಅಪ್ಪ ಬೌದ್ಧರಾದ ವರ್ಷ ಹುಟ್ಟಿದ್ದರಿಂದ ಈ ಹೆಸರು. ನಾಲ್ಕೂ ತಾಲ್ಲೂಕಿನ ಅಂಗಡಿಗಳಲ್ಲಿ ನನಗೆ ಚಹಾ ಸಿಗುತ್ತದೆ. ಪೇಪರ್ ಕಪ್ ಕಂಡುಹಿಡಿದ ಪುಣ್ಯಾತ್ಮ ಯಾರೋ, ಅವನಿಂದ ಅಂಗಡಿಯವರಿಗೂ ನನಗೂ ಬಹಳಷ್ಟು ಮುಜುಗರ ತಪ್ಪಿದೆ. ಗುರುಶಾಂತಪ್ಪನವರು ಅಂಗಡಿಯಲ್ಲಿ ತಮ್ಮ ಸ್ಟೀಲ್ ಲೋಟದಲ್ಲಿ ಕುಡಿಯುತ್ತಾರೆ, ಬಂದವರಿಗೆಲ್ಲ ಪೇಪರ್ ಕಪ್. ಎಲ್ಲರಿಗೂ ಒಂದೇ ಅಂದಮೇಲೆ ದೂರುವುದಕ್ಕೇನಿದೆ.

ಆವೊ ನಾಂಗ್ ದಂಡೆ

ನಾವಿಳಿದದ್ದು ಕ್ರಾಬಿ ಸೀಮೆಯ ಆವೊ ನಾಂಗ್ ಎಂಬ ಕಡಲ ದಂಡೆಯಲ್ಲಿ. ಸಮುದ್ರದ ನಡುವೆ ಸುಣ್ಣಕಲ್ಲಿನ ಗುಡ್ಡಗಳು ಬುಡವಿಲ್ಲದೆ ಎದ್ದು ನಿಂತಿವೆ. ಬುಡವನ್ನು ಅಲೆ ಒಳಕ್ಕೆ ತಿಂದಿದೆ, ತಲೆಯ ಮೇಲೆ ಕಾಡು ಬೆಳೆದಿದೆ. ಬಿಳಿಯರು ಬಿಸಿಲಿಗೆ ಮೈಯೊಡ್ಡಿ ಹಪ್ಪಳದ ಹಾಗೆ ಬಿದ್ದುಕೊಂಡಿದ್ದರು. ನಮ್ಮವರು ತಲೆಗೆ ಟವೆಲ್ ಸುತ್ತಿಕೊಂಡು ಅವರ ನಡುವೆ ಯಾರದೋ ಹೊಲ ದಾಟುವವರಂತೆ ಹಾದುಹೋದರು.

ಅಲ್ಲಿ ಬುದ್ಧ ಎಲ್ಲೆಲ್ಲೂ ಇದ್ದ. ಬಿಳಿಚೋಡಿನಲ್ಲಿ ನಮ್ಮ ಮನೆಯ ಗೋಡೆಯ ಮೇಲೆ ಮಾತ್ರ ಇದ್ದವನು ಇಲ್ಲಿ ಪೆಟ್ರೋಲ್ ಬಂಕಿನಲ್ಲೂ ಟ್ಯಾಕ್ಸಿಯಲ್ಲೂ ಕ್ಷೌರದಂಗಡಿಯಲ್ಲೂ ಇದ್ದ. "ಇದೆಲ್ಲಾ ನಿಮ್ಮೋರ ದೇಶ ಅಲ್ವೇನ್ರಿ ಸಾಹೇಬ್ರೆ" ಎಂದರು ಗುರುಶಾಂತಪ್ಪ. ತಮಾಷೆಯೋ ಮರ್ಯಾದೆಯೋ ತಿಳಿಯಲಿಲ್ಲ. ನಾನು ಹೌದೆಂದೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ನನಗೆ ಖುಷಿಯಾಗಿತ್ತು.

ನಮ್ಮನ್ನು ನೀರಿಗಿಳಿಸಲು ಬಂದವಳು ನೊಯ್ ಎಂಬ ಹೆಂಗಸು. ಮಾತು ಕಮ್ಮಿ. ಅವಳ ಮೋಟಾರು ದೋಣಿಯ ಮೂತಿಗೆ ಬಣ್ಣದ ಬಟ್ಟೆ, ಹೂವಿನ ಹಾರ ಕಟ್ಟಿತ್ತು. ಹಾಲೇಶಿ ಹತ್ತುವ ಭರದಲ್ಲಿ ಅದೇ ಮೂತಿಯ ಮೇಲೆ ಕಾಲಿಟ್ಟ. ನೊಯ್ ಅವನ ಕಾಲನ್ನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು, ಬೈಯಲಿಲ್ಲ. ಅಲ್ಲಿ ದೋಣಿಯ ತಾಯಿ ಇರುತ್ತಾಳಂತೆ.

"ನಮ್ಮ ಟ್ರ್ಯಾಕ್ಟರ್ ಬಾನೆಟ್ ಮ್ಯಾಲೆ ನಿಂಬೆಹಣ್ಣು ಇಡಂಗಿಲ್ವಾ, ಹಂಗೆ" ಎಂದು ಹಾಲೇಶಿ ತನಗೆ ತಾನೇ ಹೇಳಿಕೊಂಡು ಆ ಬಟ್ಟೆಗೆ ಕೈಮುಗಿದ.

ದಂಡೆಯ ಬಳಿಯ ಅಂಗಡಿಗೆ ಆಗ ಭಿಕ್ಷುವೊಬ್ಬರು ಬಂದರು. ನೊಯ್ ದೋಣಿಯಿಂದಿಳಿದು ಹೋಗಿ, ಅವರಿಗೆ ಕೊಡಲು ಪೊಟ್ಟಣವೊಂದನ್ನು ಹಿಡಿದು ಮಂಡಿಯೂರಿದಳು. ಭಿಕ್ಷು ಹಳದಿ ಬಟ್ಟೆಯೊಂದನ್ನು ಮೇಜಿನ ಮೇಲೆ ಹಾಸಿ ಅದರ ತುದಿ ಹಿಡಿದರು. ಅವಳು ಬಟ್ಟೆಯ ಮೇಲೆ ಪೊಟ್ಟಣವಿಟ್ಟಳು, ಅವರು ಬಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಹೆಂಗಸಿನ ಕೈಯಿಂದ ನೇರವಾಗಿ ತೆಗೆದುಕೊಳ್ಳುವಂತಿಲ್ಲವಂತೆ. ಅಪ್ಪ ನನಗೆ ಬುದ್ಧನ ವಿಷಯ ಬಹಳ ಹೇಳಿದ್ದಾರೆ, ಈ ಬಟ್ಟೆಯ ವಿಷಯ ಹೇಳಿರಲಿಲ್ಲ. ಪೇಪರ್ ಕಪ್ ಒಂದೊಂದು ದೇಶದಲ್ಲಿ ಒಂದೊಂದು ಥರ ಇರುತ್ತದೆ ಎಂದುಕೊಂಡೆ.

ಹಲಗೆಯ ಮೇಲೆ

ಮೊದಲ ದಿನ ಪ್ಯಾಡಲ್ ಬೋರ್ಡು. ಮನೆಬಾಗಿಲಿನಷ್ಟು ಉದ್ದಗಲದ ಹಲಗೆ. ಅದರ ಮೇಲೆ ನೆಟ್ಟಗೆ ನಿಂತು ಉದ್ದನೆಯ ಹುಟ್ಟು ಹಾಕಿಕೊಂಡು ಹೋಗಬೇಕು. ದಂಡೆಯಿಂದ ನೋಡುವವರಿಗೆ ಇದಕ್ಕಿಂತ ಸುಲಭವಾದದ್ದು ಪ್ರಪಂಚದಲ್ಲಿಲ್ಲ. ಪುಟ್ಟ ಹುಡುಗಿಯೊಬ್ಬಳು ನಾಯಿಮರಿಯನ್ನೂ ನಿಲ್ಲಿಸಿಕೊಂಡು ಹೋಗುತ್ತಿದ್ದಳು.

ಹಾಲೇಶಿ ನಿಂತ, ಬಿದ್ದ. ಮತ್ತೆ ನಿಂತ, ಮತ್ತೆ ಬಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ಸಮುದ್ರವೇ ಸರಿಯಿಲ್ಲ ಅಂದ. "ಹೊಳೆ ನೀರು ಒಂದು ಕಡಿಗೆ ಹೋಗ್ತೈತೆ ಸಾಹೇಬ್ರೆ. ಇದು ಎತ್ಲಾಗ್ ಹೋಗ್ಬೇಕು ಅಂತ ಇದಕ್ಕೇ ಗೊತ್ತಿಲ್ಲ." ಕೊನೆಗೆ ಹಲಗೆಯ ಮೂತಿಯಲ್ಲಿ ತೆಪ್ಪದಲ್ಲಿ ಕೂರುವಂತೆ ಕುಕ್ಕರಗಾಲಲ್ಲಿ ಕೂತು ನೀರನ್ನು ತನ್ನ ಕಡೆಗೆ ಎಳೆದುಕೊಳ್ಳತೊಡಗಿದ. ಹಲಗೆ ಸರಾಗವಾಗಿ ಹೋಯಿತು. ಬಿಳಿಯರಿಬ್ಬರು ಅದನ್ನು ಯಾವುದೋ ಯೋಗಾಸನವೆಂದು ಫೋಟೋ ತೆಗೆದುಕೊಂಡರು.

ನಾನು ಮೂರು ಸಲ ಬಿದ್ದೆ. ನಾಲ್ಕನೆಯ ಸಲ ನಿಂತವನು ಕಾಲ ಕೆಳಗೆ ನೋಡುವುದನ್ನು ಬಿಟ್ಟು ದೂರದ ಗುಡ್ಡ ನೋಡಿದೆ. ಅಷ್ಟು ಮಾಡಿದರೆ ಹಲಗೆ ನಿಲ್ಲುತ್ತದೆ. ಗುಡ್ಡದ ನೆರಳಿಗೆ ಹೋಗಿ ಬಂದೆ. ಕಾಲಡಿಯ ನೀರಿನಲ್ಲಿ ಸಣ್ಣ ಮೀನಿನ ಹಿಂಡು ಹಲಗೆಯ ನೆರಳನ್ನೇ ಹಿಡಿದು ಬರುತ್ತಿತ್ತು.

ದಂಡೆಗೆ ಬಂದಾಗ ಗುರುಶಾಂತಪ್ಪ ಕೇಳಿದರು. "ಕುಂತು ಹೋಗೋ ಅಂಥದ್ದು ಏನೂ ಇಲ್ವಾ?"

"ನಾಳೆ ಐತ್ರಿ. ಕಯಾಕ್ ಅಂತ."

"ನಾನೂ ಬರ್ತೀನಿ. ಸೂಳೆಕೆರೆ ಏರಿ ಮ್ಯಾಲೆ ಕುಂತು ಜನ್ಮವೆಲ್ಲ ನೀರು ನೋಡೀನಿ. ಒಂದು ಸಲನೂ ಒಳಗೆ ಹೋಗಿಲ್ಲ."

ಥಾಲೇನ್ ಕೊಲ್ಲಿ

ಮರುದಿನ ಹೋದ ಥಾಲೇನ್ ಕೊಲ್ಲಿಯಲ್ಲಿ ಅಲೆಗಳಿಲ್ಲ. ಗುಡ್ಡಗಳ ನಡುವೆ ಸಮುದ್ರ ಓಣಿ ಓಣಿಯಾಗಿ ಒಳಕ್ಕೆ ಬಂದಿದೆ. ಅಕ್ಕಪಕ್ಕ ಕಾಂಡ್ಲಾ ಗಿಡಗಳು, ಉಪ್ಪುನೀರಿನಲ್ಲಿ ಬೇರುಗಳನ್ನು ಮೇಲೆತ್ತಿಕೊಂಡು ಸೀರೆ ನೆನೆಯದಂತೆ ಹಿಡಿದು ನಿಂತ ಹೆಂಗಸರ ಹಾಗೆ. ಉಬ್ಬರದ ಹೊತ್ತಿನಲ್ಲಿ ಒಳಗೆ ಹೋಗಬೇಕು, ನೀರಿಳಿಯುವ ಮೊದಲು ಹೊರಬರಬೇಕು. ನಾವು ಹೋದದ್ದೇ ತಡವಾಗಿತ್ತು. ಗುರುಶಾಂತಪ್ಪನವರ ಪೂಜೆ ಮುಗಿಯದೆ ತಿಂಡಿಯಿಲ್ಲ, ಅವರ ತಿಂಡಿಯಾಗದೆ ವ್ಯಾನಿಲ್ಲ.

ನೊಯ್ ಲೈಫ್ ಜಾಕೆಟ್ ತೊಡಿಸುವಾಗ ಕೊರಳಲ್ಲಿ ಏನೂ ಇರಬಾರದೆಂದಳು. ಗುರುಶಾಂತಪ್ಪ ಕರಡಿಗೆಯ ಮೇಲೆ ಅಂಗೈ ಮುಚ್ಚಿ, "ಇದೊಂದನ್ನ ಕೇಳಬ್ಯಾಡ ಅನ್ರಿ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅವಳು ತನ್ನ ಅಂಗಿಯೊಳಗಿಂದ ಸರವೊಂದನ್ನು ಎಳೆದು ತೋರಿಸಿದಳು. ಪುಟ್ಟ ಡಬ್ಬಿಯಲ್ಲಿ ಮಣ್ಣಿನ ಬುದ್ಧ. ಅವರ ಭಾಷೆಯಲ್ಲಿ ಅದಕ್ಕೆ 'ಫ್ರಾ' ಎನ್ನುತ್ತಾರಂತೆ. ಗುರುಶಾಂತಪ್ಪನವರ ಕರಡಿಗೆಯನ್ನು ಅಂಗಿಯೊಳಕ್ಕೆ ಸೇರಿಸಿ, ಮೇಲೆ ಜಾಕೆಟ್ ಬಿಗಿದಳು.

"ನೋಡ್ರಿ, ಇವಳಿಗೆ ತಿಳೀತು" ಎಂದರು ಗುರುಶಾಂತಪ್ಪ.

ಒಂದು ಕಯಾಕಿನಲ್ಲಿ ಮುಂದೆ ಅವರು, ಹಿಂದೆ ನಾನು. ಇನ್ನೊಂದರಲ್ಲಿ ಹಾಲೇಶಿ, ಮಂಜಣ್ಣ. ನೊಯ್ ಒಬ್ಬಳೇ ಒಂದರಲ್ಲಿ. ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಅಗಲವಾದ ಸೌಟು. ಇಬ್ಬರೂ ಒಂದೇ ತಾಳಕ್ಕೆ ಹಾಕದಿದ್ದರೆ ಹುಟ್ಟಿಗೆ ಹುಟ್ಟು ಬಡಿಯುತ್ತದೆ. ಮೊದಲು ಬಹಳ ಬಡಿಯಿತು. ಆಮೇಲೆ ಅವರ ಬೆನ್ನು ನೋಡಿಕೊಂಡು, ಅವರ ಎಡಕ್ಕೆ ನನ್ನ ಎಡ, ಅವರ ಬಲಕ್ಕೆ ನನ್ನ ಬಲ ಹಾಕಿದೆ. ದೋಣಿ ನೆಟ್ಟಗಾಯಿತು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎರಡು ಬಂಡೆಗಳ ನಡುವೆ, ತಲೆಯ ಮೇಲೆ ಒಂದು ಪಟ್ಟಿಯಷ್ಟೇ ಆಕಾಶ. ಗುರುಶಾಂತಪ್ಪ ಹುಟ್ಟನ್ನು ತೊಡೆಯ ಮೇಲಿಟ್ಟು ಎರಡೂ ಕೈಯನ್ನು ನೀರಿನಲ್ಲಿ ಅದ್ದಿದರು. ಅಂಗಡಿಯಲ್ಲಿ ಅವರ ಬೆನ್ನು ಅಷ್ಟು ಸಡಿಲವಾಗಿದ್ದುದನ್ನು ನಾನು ನೋಡಿಲ್ಲ.

ವಾಪಸು ಬರುವಾಗ ನೀರು ಇಳಿಯತೊಡಗಿತ್ತು. ಓಣಿಯಲ್ಲಿ ಸೆಳೆತ ಜೋರಾಯಿತು. ಮುಂದೆ ಕೊಂಬೆಯೊಂದರ ಮೇಲೆ ಕೋತಿಗಳು ಕೂತಿದ್ದವು. ಮಂಜಣ್ಣನಿಗೆ ಅದರ ವಿಡಿಯೋ ಬೇಕಾಗಿತ್ತು.

"ಯಜಮಾನ್ರೇ, ನಿಲ್ಲಿಸ್ರಿ ಸ್ವಲ್ಪ" ಎಂದ ಹಾಲೇಶಿ. "ಮ್ಯಾಲಿನ ಕೊಂಬೆ ಹಿಡ್ಕಳ್ರಿ. ಹೊಳೆಯಾಗೆ ನಾವು ಹಂಗೇ ನಿಲ್ಸೋದು."

ತೆಪ್ಪ ದುಂಡಗಿರುತ್ತದೆ. ಕೊಂಬೆ ಹಿಡಿದರೆ ನಿಂತಲ್ಲೇ ಒಂದು ಸುತ್ತು ಹಾಕಿ ನಿಲ್ಲುತ್ತದೆ. ಕಯಾಕಿಗೆ ಆ ಸಂಸ್ಕಾರವಿಲ್ಲ. ಗುರುಶಾಂತಪ್ಪ ಎರಡೂ ಕೈಯಲ್ಲಿ ಕೊಂಬೆ ಹಿಡಿದರು, ಕೆಳಗಿನ ಕಯಾಕ್ ತನ್ನ ಪಾಡಿಗೆ ತಾನು ಹೋಯಿತು. ಒಂದು ಗಳಿಗೆ ಅವರು ಕೋತಿಗಳ ಸಾಲಿನಲ್ಲೇ ತೂಗಾಡಿದರು. ಆಮೇಲೆ ಅವರೂ ನಾನೂ ನೀರಿನಲ್ಲಿದ್ದೆವು.

ನೀರು ಎದೆಮಟ್ಟ ಅಷ್ಟೆ. ಅವರ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದೆ. ಕೆಮ್ಮುತ್ತ ನಿಂತರು, ಮೂಗಿನಿಂದ ನೀರು ಸೀನಿ ನಕ್ಕರು. ನಾವೂ ನಕ್ಕೆವು. ನಗುತ್ತಲೇ ಅವರ ಕೈ ಎದೆಯ ಹತ್ತಿರ ಹೋಯಿತು, ಅಂಗಿಯೊಳಗೆ ಹೋಯಿತು, ನಗು ನಿಂತಿತು. ಹೊರಬಂದ ಕೈಯಲ್ಲಿ ಹರಿದ ಶಿವದಾರದ ತುಂಡಿತ್ತು. ಕೊಂಬೆಗೆ ಸಿಕ್ಕು ಹರಿಯಿತೋ, ನಾನು ಎಳೆದಾಗ ಹರಿಯಿತೋ, ಈಗಲೂ ಹೇಳಲಾರೆ.

ಕೆಸರು

ಮಂಜಣ್ಣ ಫೋನನ್ನು ಜೇಬಿಗಿಟ್ಟುಕೊಂಡ. ನೀರಿಗಿಂತ ಎತ್ತರದ ಕಾಂಡ್ಲಾ ಬೇರಿನ ಮೇಲೆ ಗುರುಶಾಂತಪ್ಪನವರನ್ನು ಕೂರಿಸಿದೆವು. ನಾನು ನೀರಿನ ಬಾಟಲಿ ಕೊಡಲು ಹೋದರೆ ಬೇಡವೆಂದರು.

"ಲಿಂಗ ಮೈಮ್ಯಾಲೆ ಇಲ್ದೆ ನೀರು ಮುಟ್ಟಂಗಿಲ್ಲ ಸಾಹೇಬ್ರೆ."

"ನಮ್ಮೂರಾಗೂ ಒಬ್ರದು ಹಿಂಗೇ ಕಳೆದಿತ್ತು" ಎಂದ ಮಂಜಣ್ಣ. "ಗುರುಗಳ ಹತ್ರ ಹೋಗಿ ಬೇರೆ ಕಟ್ಟಿಸ್ಕಂಡ್ರು."

"ಅವ್ರು ಊರಾಗಿದ್ರು. ಇಲ್ಲಿ ಯಾವ ಗುರು, ಯಾವ ಮಠ ಐತೆ? ಊರು ಮುಟ್ಟಾ ತನಕ ಹಿಂಗೇ ಇರ್ಬೇಕು."

ಊರು ಮುಟ್ಟುವುದಕ್ಕೆ ಇನ್ನೂ ಎರಡು ದಿನವಿತ್ತು. ಬಿಸಿಲು ಸುಡುತ್ತಿತ್ತು. ಸಕ್ಕರೆ ಕಾಯಿಲೆಯವರು ಅನ್ನ ನೀರು ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಆದರೂ ಅವರ ಮುಖದಲ್ಲಿ ಹಟ ಕಾಣಲಿಲ್ಲ, ಭಯ ಕಂಡಿತು. ಅದನ್ನು ನೋಡಿ ನನಗೂ ಭಯವಾಯಿತು.

ನೊಯ್ ನೀರನ್ನು ನೋಡಿ ಹೇಳಿದಳು. ಇನ್ನು ಸ್ವಲ್ಪ ಹೊತ್ತಿಗೆ ಇದೆಲ್ಲ ಬರಿದಾಗುತ್ತದೆ, ದೋಣಿ ಹೇಗೂ ಹೋಗದು. ನೀರು ತಿರುಗಿ ಬಂದಾಗ ಹೊರಡೋಣ, ಅಲ್ಲಿಯ ತನಕ ಹುಡುಕಿ. ಅವಳೂ ಹುಡುಕಲು ನಿಂತಳು.

ಕೆರೆ ಬತ್ತುವುದು ನೋಡಿದ್ದೇನೆ, ಅದಕ್ಕೆ ಬೇಸಿಗೆಯಿಡೀ ಬೇಕು. ಇಲ್ಲಿ ಸಮುದ್ರ ಕಣ್ಣೆದುರೇ ಎದ್ದು ಹೋಯಿತು. ಉಳಿದದ್ದು ಬೂದುಬಣ್ಣದ ಕೆಸರು. ಅದರ ತುಂಬ ತೂತು, ತೂತಿಗೊಂದು ಏಡಿ. ಒಂದು ಕೈ ದೊಡ್ಡದು, ಒಂದು ಕೈ ಸಣ್ಣದು. ನಾವು ಮೊಣಕಾಲುದ್ದ ಹೂತುಕೊಂಡು ಕೈಯಾಡಿಸಿದೆವು. ಮೊದಲು ಹಾಲೇಶಿಗೆ ಬೆಳ್ಳಿ ಕಂಡಿತು. ಕರಡಿಗೆ ಸಿಕ್ಕಿತು, ಮುಚ್ಚಳ ಬಿಚ್ಚಿಕೊಂಡು. ಒಳಗೆ ಕೆಸರು ಬಿಟ್ಟರೆ ಬೇರೇನಿಲ್ಲ. ಲಿಂಗಕ್ಕೆ ಸುತ್ತಿದ್ದ ಬಿಳಿಯ ಬಟ್ಟೆಯ ಚೂರು ಗಿಡದ ಬೇರಿಗೆ ಸಿಕ್ಕಿಕೊಂಡಿತ್ತು. ಅದನ್ನು ನೊಯ್ ಬಿಡಿಸಿ ಇಟ್ಟುಕೊಂಡಳು. ಬೆಳ್ಳಿಯಾದರೆ ಹೊಳೆಯುತ್ತದೆ. ಲಿಂಗ ಗೋಟಡಿಕೆಯಷ್ಟು ದೊಡ್ಡದು, ಕಪ್ಪು. ಆ ಕೆಸರಿನಲ್ಲಿ ಅಷ್ಟೇ ದೊಡ್ಡ, ಅಷ್ಟೇ ಕಪ್ಪಾದ ಶಂಖದ ಹುಳುಗಳು ರಾಶಿ ರಾಶಿ. ಎತ್ತಿ ನೋಡುವುದು, ಹುಳು ಎಂದು ಬಿಡುವುದು. ತೆಪ್ಪದ ಮಾತು ಆ ದಿನದಿಂದ ಹಾಲೇಶಿ ಆಡಿಲ್ಲ. ಕೂತಿರಲಾರದೆ ಗುರುಶಾಂತಪ್ಪನವರೂ ಕೆಸರಿಗಿಳಿದರು.

ಏಡಿಗಳು ಒಂದೊಂದಾಗಿ ತೂತು ಸೇರತೊಡಗಿದವು. ತೂತುಗಳಿಂದ ನೀರು ಜಿನುಗಿತು. ಸಮುದ್ರ ತಿರುಗಿ ಬರುತ್ತಿತ್ತು.

ಆಗ ನನಗೆ ಕಂಡಿತು. ಕಾಂಡ್ಲಾ ಬೇರಿನ ಕವಲಿನಲ್ಲಿ, ಅರ್ಧ ಹೂತುಕೊಂಡು. ಹುಳುವಿಗೆ ಸುರುಳಿ ಇರುತ್ತದೆ, ಇದು ನುಣ್ಣಗಿತ್ತು. ಕೂಗಿದೆ. ಗುರುಶಾಂತಪ್ಪ ದೂರದಲ್ಲಿದ್ದರು. ಅವಸರದಲ್ಲಿ ಹೆಜ್ಜೆ ಕಿತ್ತಷ್ಟೂ ಹೂತುಕೊಂಡರು. ಕೈಚಾಚಿದರೆ ನಾನು ಎತ್ತಿಕೊಳ್ಳಬಹುದಿತ್ತು. ಮುಟ್ಟಬೇಡ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಅಂಥವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಮುಟ್ಟಿದ್ದನ್ನು ಅವರು ಒಲ್ಲೆನೆಂದರೆ ಸಿಕ್ಕಿಯೂ ಸಿಗದ ಹಾಗೆ, ಅವರ ಉಪವಾಸ ಮುಗಿಯದು. ಅದೇ ನನ್ನ ಲೆಕ್ಕಾಚಾರ ಎಂದುಕೊಂಡೆ. ಒಳಗೆ ಸಿಟ್ಟೂ ಇತ್ತು, ಅವರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ.

ಮಂಡಿಯೂರಿ ಎರಡೂ ಕೈಯಿಂದ ಕೆಸರು ಬಾಚಿ ಅದರ ಸುತ್ತ ಬದು ಕಟ್ಟಿದೆ, ಗಿಡಕ್ಕೆ ಪಾತಿ ಮಾಡುವ ಹಾಗೆ. ನೀರು ಬದುವಿನ ಹೊರಗೆ ನಿಂತಿತು. ಒಂದು ಕಡೆ ಕುಸಿಯಿತು, ಮುಚ್ಚಿದೆ. ಇನ್ನೊಂದು ಕಡೆ ಕುಸಿಯಿತು, ಮೊಣಕೈ ಅಡ್ಡ ಇಟ್ಟೆ. ಲಿಂಗ ನನ್ನ ತೋಳುಗಳ ನಡುವೆ ಇತ್ತು, ನಾನು ಅದನ್ನು ಮುಟ್ಟಿರಲಿಲ್ಲ.

ಗುರುಶಾಂತಪ್ಪ ಹತ್ತಡಿ ದೂರದಲ್ಲಿ ತೊಡೆಯ ತನಕ ಹೂತು ನಿಂತುಬಿಟ್ಟರು. ಹಾಲೇಶಿ ಅವರ ಹಿಂದೆ ಒದ್ದಾಡುತ್ತಿದ್ದ. ಅವರು ಲಿಂಗವನ್ನು ನೋಡಿದರು, ನನ್ನ ಕೈಗಳನ್ನು ನೋಡಿದರು, ಆ ಬದುವನ್ನು ನೋಡಿದರು. ಬದು ಯಾಕೆ ಕಟ್ಟಿದ್ದೇನೆಂದು ಅವರಿಗೆ ತಿಳಿಯಿತು. ಅವರ ಮುಖದಲ್ಲಿ ಅದು ಕಾಣಿಸಿತು.

"ಆನಂದ" ಎಂದರು. "ಎತ್ಕಳಪ್ಪ."

ನನ್ನ ಹೆಸರು ಅವರಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ನೀವೇ ಬರ್ರಿ ಯಜಮಾನ್ರೇ. ಇನ್ನೂ ಹೊತ್ತೈತೆ."

"ಇಲ್ಲ, ನಂಗೆ ಕಾಣ್ತೈತೆ. ಎತ್ಕ. ಎಡಗೈ ಅಂಗೈ ಮ್ಯಾಲೆ ಇಟ್ಕ. ಮುಷ್ಟಿ ಮಾಡಬ್ಯಾಡ."

ಎತ್ತಿಕೊಂಡೆ. ನೀರು ಬದುವಿನ ಮೇಲೆ ಹರಿದು ಅದನ್ನು ಅಳಿಸಿತು. ಎಡಗೈ ಬಿಚ್ಚಿಟ್ಟುಕೊಂಡು, ಬಲಗೈಯಲ್ಲಿ ಬೇರು ಹಿಡಿದು ಒಂದೊಂದೇ ಹೆಜ್ಜೆ ಕೀಳುತ್ತ ಹೋದೆ. ನನಗೆ ಭಕ್ತಿ ಬರಲಿಲ್ಲ. ಬೀಳಬಾರದು ಎಂಬುದಷ್ಟೇ ಇತ್ತು. ಆದರೆ ಅಷ್ಟು ಜೋಪಾನವಾಗಿ ನಾನು ಯಾವ ವಸ್ತುವನ್ನೂ ಹಿಡಿದವನಲ್ಲ.

ಹತ್ತಿರ ಹೋದಾಗ ನೊಯ್ ಆ ಬಿಳಿ ಬಟ್ಟೆಯ ಚೂರನ್ನು ಮುಂದೆ ಹಿಡಿದಳು. ಭಿಕ್ಷು ಹಾಸಿದ ಹಳದಿ ಬಟ್ಟೆ ನೆನಪಾಯಿತು. ಇದಕ್ಕೊಂದು ದಾರಿ ಸಿಕ್ಕಿತು ಎಂದುಕೊಂಡೆ. ಗುರುಶಾಂತಪ್ಪ ಬಟ್ಟೆ ತೆಗೆದುಕೊಂಡು ಹೆಗಲ ಮೇಲೆ ಹಾಕಿಕೊಂಡರು, ಬರಿಯ ಎಡಗೈಯನ್ನು ನನ್ನ ಕೈಗೆ ತಾಗಿಸಿ ಹಿಡಿದರು. ನಾನು ಕೈ ವಾಲಿಸಿದೆ. ಲಿಂಗ ಒಂದು ಅಂಗೈಯಿಂದ ಇನ್ನೊಂದಕ್ಕೆ ಹೋಯಿತು.

ನೊಯ್ ಕೊಟ್ಟ ಬಾಟಲಿ ನೀರಿನಲ್ಲಿ ಅದನ್ನು ತೊಳೆದು ಕಣ್ಣಿಗೊತ್ತಿಕೊಂಡರು. ತುಟಿ ಬಹಳ ಹೊತ್ತು ಆಡುತ್ತಿತ್ತು. ಆಮೇಲೆ ಉಳಿದ ನೀರು ಕುಡಿದರು. ನನಗೆ ಬೇಕಾಗಿದ್ದದ್ದು ಅದು.

ಹಿಂತಿರುಗುವಾಗ ಅವರು ಲಿಂಗವನ್ನು ಅಂಗೈಯಲ್ಲಿಟ್ಟು ಎದೆಗೆ ಹಿಡಿದು ಮುಂದೆ ಕೂತಿದ್ದರು. ನಾನೊಬ್ಬನೇ ಹುಟ್ಟು ಹಾಕಿದೆ. ಬಡಿಯಲು ಇನ್ನೊಂದು ಹುಟ್ಟಿರಲಿಲ್ಲ. ಉಬ್ಬರದ ಎದುರು ಬಹಳ ಹೊತ್ತು ಹಿಡಿಯಿತು. ತೋಳು ಬಿದ್ದುಹೋಗುವಷ್ಟು ನೋವಿತ್ತು, ಆದರೂ ಕೊಲ್ಲಿ ಚೆನ್ನಾಗಿ ಕಂಡಿತು.

ಬಸವಾಪಟ್ಟಣ

ಊರಿಗೆ ಬಂದ ಮೇಲೆ ಮುಂಗಾರಿನ ಕೆಲಸದಲ್ಲಿ ಮುಳುಗಿಹೋದೆ. ಒಂದು ದಿನ ಬಸವಾಪಟ್ಟಣದ ಅಂಗಡಿಗೆ ಹೋದಾಗ ಜನ ತುಂಬಿದ್ದರು. ಗುರುಶಾಂತಪ್ಪ ಥಾಯ್ಲೆಂಡಿನ ಕಥೆ ಹೇಳುತ್ತಿದ್ದರು. ಕೊರಳಲ್ಲಿ ಹೊಸ ಶಿವದಾರ. ಕೋತಿ ಬಂತು, ಕೊಂಬೆ ಬಂತು, ಕೆಸರು ಬಂತು.

"ಸಮುದ್ರ ಬರ್ತಾ ಐತೆ. ನಮ್ಮ ಸಾಹೇಬ್ರು ಸುತ್ತ ಬದು ಕಟ್ಟಿ ನೀರು ತಡೆದ್ರು ನೋಡ್ರಿ, ಇಲ್ಲಾಂದ್ರೆ ಹೋಗಿತ್ತು" ಎಂದು ನನ್ನ ಕಡೆ ಕೈ ತೋರಿಸಿದರು. "ಅಷ್ಟೊತ್ತಿಗೆ ನಾನು ಹೋಗಿ ಎತ್ಕಂಡೆ."

ಜನ ನನ್ನನ್ನು ನೋಡಿದರು. ನಾನು ಹೌದೆಂಬಂತೆ ತಲೆಯಾಡಿಸಿದೆ. ಬದುವಿನ ತನಕ ಕಥೆ ನಿಜವಾಗಿತ್ತು. ಪೇಪರ್ ಕಪ್ಪಿನಲ್ಲಿ ಚಹಾ ಬಂತು, ಕುಡಿದೆ.

ಜನ ಚದುರಿದ ಮೇಲೆ ಅವರು ಗಲ್ಲಾದ ಮೇಲಿನ ಧೂಳು ಒರೆಸುತ್ತ ಕೂತರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ನಿಮ್ಮ ಅಪ್ಪಾರಿಗೆ ಹೇಳಿದ್ರಾ, ಅಲ್ಲಿ ನಡೆದದ್ದು?"

"ಹೇಳ್ದೆ."

"ಇದ್ದಂಗೇ ಹೇಳಿದ್ರಾ?"

"ಇದ್ದಂಗೇ ಹೇಳ್ದೆ."

"ಏನಂದ್ರು?"

"ಆಮೇಲೆ ಕೈ ತೊಳ್ಕಂಡ್ಯಾ ಅಂತ ಕೇಳಿದ್ರು."

ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಒರೆಸುವ ಬಟ್ಟೆ ನಿಂತಿತು. ರಸ್ತೆಯಲ್ಲಿ ಹೊನ್ನಾಳಿ ಬಸ್ಸು ಬಂದು ಜನರನ್ನಿಳಿಸಿ ಹೋಯಿತು. ಅದು ಮರೆಯಾಗುವ ತನಕ ನೋಡಿ, ನನ್ನ ಕಡೆ ತಿರುಗದೆಯೇ ಕೇಳಿದರು.

"ತೊಳ್ಕಂಡ್ಯಾ, ಆನಂದ?"

"ಕೆಸರಾಗಿತ್ತಲ್ರಿ" ಎಂದೆ. "ತೊಳ್ಕಂಡೆ."